ಮಾನವಕುಲದ ವಯಸ್ಸು ಮತ್ತು ಶರಣರ ಅರಿವು

ಮಾನವನು ಈ ಭೂಮಿಯ ಮೇಲೆ ಕಾಣಿಸಿಕೊಂಡು ಎಷ್ಟು ಕಾಲವಾಯಿತು? ಈ ಪ್ರಶ್ನೆಯು ಪಂಡಿತರ ಸಭೆಯಲ್ಲಿ ಮಾತ್ರ ಏಳುವಂಥದಲ್ಲ. ಇಂದು ಅದು ಭಕ್ತರ ಮನೆಯ ಪಡಸಾಲೆಯಲ್ಲಿಯೇ ಎದ್ದು ನಿಲ್ಲುತ್ತಿದೆ. ಶಾಲೆಯಿಂದ ಮರಳಿದ ಮೊಮ್ಮಗನು, “ಅಜ್ಜಾ, ಮನುಷ್ಯ ಹುಟ್ಟಿ ಮೂರು ಲಕ್ಷ ವರ್ಷವಾಯಿತೆಂದು ಇಂದು ಮಾಸ್ತರರು ಹೇಳಿದರು. ನೀವು ಕೃತಯುಗ, ತ್ರೇತಾಯುಗ ಎಂದು ಹೇಳುವ ಕಥೆ ಹಾಗಾದರೆ ಸುಳ್ಳೇನು?” ಎಂದು ಕೇಳುತ್ತಾನೆ. ಲಿಂಗಪೂಜೆ ಮುಗಿಸಿ ಎದ್ದ ಅಜ್ಜನು ಒಂದು ಗಳಿಗೆ ಸುಮ್ಮನಾಗುತ್ತಾನೆ.

ಇಂಥ ಸಮಯದಲ್ಲಿ ಹಿರಿಯರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುವರು. “ಮಾಸ್ತರರಿಗೇನು ತಿಳಿಯುತ್ತದೆ, ಸುಮ್ಮನಿರು” ಎಂದು ಗದರಿಸುವುದು ಮೊದಲನೆಯದು. ಹುಡುಗನು ಸುಮ್ಮನಾಗುತ್ತಾನೆ, ಅವನೊಳಗಿನ ಪ್ರಶ್ನೆಯು ಸುಮ್ಮನಾಗುವುದಿಲ್ಲ. ಕೆಲವು ವರ್ಷ ಕಳೆದ ಮೇಲೆ ಅವನು ಪೂಜೆಗೆ ಕುಳಿತರೂ ಮನಸ್ಸು ಕುಳಿತಿರುವುದಿಲ್ಲ. “ಕಾಲ ಬದಲಾಯಿತು, ಹಳೆಯದೆಲ್ಲ ಸುಳ್ಳೇ ಇರಬಹುದು” ಎಂದು ಒಳಗೊಳಗೇ ಕುಗ್ಗುವುದು ಎರಡನೆಯದು. ಮೊದಲನೆಯ ದಾರಿಯಲ್ಲಿ ಅರಿವಿಗೆ ಪೆಟ್ಟು, ಎರಡನೆಯದರಲ್ಲಿ ಭಕ್ತಿಗೆ ಪೆಟ್ಟು. ವಿಚಾರ ಮಾಡಿ ನೋಡಿದರೆ ಈ ಎರಡಕ್ಕೂ ಬೇರು ಒಂದೇ. ಧರ್ಮದ ಸತ್ಯವು ವರ್ಷಗಳ ಎಣಿಕೆಯ ಮೇಲೆ ನಿಂತಿದೆ ಎಂಬ ಭಾವನೆಯೇ ಆ ಬೇರು. ಅದು ನಿಜವೇ ಎಂಬುದನ್ನು ಇಲ್ಲಿ ಪರಿಶೀಲಿಸಬೇಕಾಗಿದೆ.

ಯುಗಗಳ ಲೆಕ್ಕ

ಪುರಾಣಗಳು ಹೇಳುವ ಕಾಲಮಾನವನ್ನು ಮೊದಲು ಸರಿಯಾಗಿ ತಿಳಿದುಕೊಳ್ಳುವುದು ಲೇಸು. ಕೃತಯುಗಕ್ಕೆ ೧೭,೨೮,೦೦೦ ವರ್ಷ, ತ್ರೇತಾಯುಗಕ್ಕೆ ೧೨,೯೬,೦೦೦ ವರ್ಷ, ದ್ವಾಪರಕ್ಕೆ ೮,೬೪,೦೦೦ ವರ್ಷ, ಕಲಿಯುಗಕ್ಕೆ ೪,೩೨,೦೦೦ ವರ್ಷ. ನಾಲ್ಕೂ ಕೂಡಿ ೪೩,೨೦,೦೦೦ ವರ್ಷಗಳ ಒಂದು ಮಹಾಯುಗವಾಗುತ್ತದೆ. ಇಂಥ ಸಾವಿರ ಮಹಾಯುಗಗಳು ಬ್ರಹ್ಮನಿಗೆ ಒಂದು ಹಗಲು. ಅದಕ್ಕೆ ಕಲ್ಪವೆಂದು ಹೆಸರು. ಒಂದು ಕಲ್ಪದಲ್ಲಿ ಹದಿನಾಲ್ವರು ಮನುಗಳು ಆಳುವರು. ಒಬ್ಬೊಬ್ಬ ಮನುವಿಗೆ ೭೧ ಮಹಾಯುಗಗಳು. ಈಗ ನಡೆಯುತ್ತಿರುವುದು ಏಳನೆಯವನಾದ ವೈವಸ್ವತ ಮನುವಿನ ಕಾಲ. ಅದರ ೨೮ನೆಯ ಮಹಾಯುಗದ ಕಲಿಯುಗದಲ್ಲಿ ಇಂದಿನ ಜನರು ಇದ್ದಾರೆ ಎಂಬುದು ಪುರಾಣದ ಮತ. ಸಂಕಲ್ಪ ಹೇಳುವಾಗ ಕೇಳಿಬರುವ ಮಾತುಗಳೂ ಇವೇ.

ಮಾನವರೆಲ್ಲರೂ ಈ ಮನುವಿನ ಸಂತಾನವೆಂದು ಹಿಡಿದು ಲೆಕ್ಕ ಹಾಕಿದರೆ, ಕಳೆದುಹೋದ ೨೭ ಮಹಾಯುಗಗಳೂ ಈ ಮಹಾಯುಗದ ಮೂರು ಯುಗಗಳೂ ಕೂಡಿ, ಮಾನವಕುಲದ ವಯಸ್ಸು ೧೨ ಕೋಟಿ ವರ್ಷಗಳನ್ನು ಮೀರುತ್ತದೆ.

ಕಲಿಯುಗವು ಕ್ರಿ. ಪೂ. ೩೧೦೨ರಲ್ಲಿ ಆರಂಭವಾಯಿತೆಂಬ ಗಣನೆಯು ಕನ್ನಡ ನಾಡಿನ ಕಲ್ಲಿನ ಮೇಲೆಯೂ ಕೆತ್ತಲ್ಪಟ್ಟಿದೆ. ಐಹೊಳೆಯ ಮೇಗುಟಿ ಜಿನಾಲಯದ ಗೋಡೆಯಲ್ಲಿ, ಇಮ್ಮಡಿ ಪುಲಕೇಶಿಯ ಕಾಲದಲ್ಲಿ, ರವಿಕೀರ್ತಿಯೆಂಬ ಕವಿಯು ಬರೆಯಿಸಿದ ಶಾಸನವಿದೆ. ಭಾರತ ಯುದ್ಧವು ನಡೆದು ೩೭೩೫ ವರ್ಷಗಳಾದುವೆಂದೂ, ಶಕವರ್ಷ ೫೫೬ ಕಳೆದಿತ್ತೆಂದೂ ಅದು ಹೇಳುತ್ತದೆ. ಅಂದರೆ ಅದು ಕ್ರಿ. ಶ. ೬೩೪ರ ಸುಮಾರಿನ ಶಾಸನ. ಅದಕ್ಕೂ ಮೊದಲು ಆರ್ಯಭಟನು, ಕಲಿಯ ೩೬೦೦ ವರ್ಷಗಳು ಕಳೆದಾಗ ತನಗೆ ೨೩ ವರ್ಷ ವಯಸ್ಸಾಗಿತ್ತೆಂದು ಬರೆದಿದ್ದಾನೆ, ಅದು ಕ್ರಿ. ಶ. ೪೯೯. ಆದರೆ ಇದೇ ಆರ್ಯಭಟನು ನಾಲ್ಕು ಯುಗಗಳನ್ನು ಪುರಾಣದಂತೆ ಹೆಚ್ಚು ಕಡಿಮೆಯಾಗಿ ಭಾಗಿಸದೆ, ಒಂದೊಂದಕ್ಕೂ ೧೦,೮೦,೦೦೦ ವರ್ಷಗಳಂತೆ ಸಮನಾಗಿ ಹಂಚಿದನು. ಗ್ರಹಗಳೆಲ್ಲ ತಿರುಗಿ ತಿರುಗಿ ಒಂದೇ ನೆಲೆಗೆ ಬಂದು ಸೇರಲು ಬೇಕಾಗುವ ಅವಧಿಯನ್ನು ಕಾಣುವುದು ಜ್ಯೋತಿಷಿಗಳ ಉದ್ದೇಶವಾಗಿತ್ತು. ಕಲಿಯುಗದ ಆರಂಭವೂ ಗಣಿತದಿಂದ ಹಿಂದಕ್ಕೆ ಸರಿದು ಕಂಡುಕೊಂಡ ಬಿಂದುವೆಂದು ಗಣಿತದ ಚರಿತ್ರೆಯನ್ನು ಬಲ್ಲವರು ಅಭಿಪ್ರಾಯಪಡುತ್ತಾರೆ. ಆದುದರಿಂದ ಯುಗಗಳ ಸಂಖ್ಯೆಯು ಆಕಾಶವನ್ನು ಅಳೆಯಲು ಹುಟ್ಟಿದ ಸಂಖ್ಯೆ. ಮನುಷ್ಯನ ಎಲುಬನ್ನು ಕಂಡು ಹೇಳಿದ ಸಂಖ್ಯೆಯಲ್ಲ.

ಬೇರೆ ಮತಗಳಲ್ಲಿಯೂ ಇಂಥ ಲೆಕ್ಕಗಳುಂಟು. ಯೆಹೂದ್ಯರ ಪಂಚಾಂಗವು ಸೃಷ್ಟಿಯ ಆರಂಭವನ್ನು ಕ್ರಿ. ಪೂ. ೩೭೬೧ಕ್ಕೆ ಇಡುತ್ತದೆ. ಐರ್ಲೆಂಡಿನ ಕ್ರೈಸ್ತ ಧರ್ಮಾಧಿಕಾರಿ ಜೇಮ್ಸ್ ಅಷರನು ೧೬೫೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬೈಬಲಿನ ವಂಶಾವಳಿಗಳನ್ನು ಮುಖ್ಯ ಆಧಾರವಾಗಿಟ್ಟುಕೊಂಡು, ಸೃಷ್ಟಿಯು ಕ್ರಿ. ಪೂ. ೪೦೦೪ರಲ್ಲಿ ಆಯಿತೆಂದು ನಿರ್ಣಯಿಸಿದನು. ಒಂದು ಕಡೆ ೧೨ ಕೋಟಿ, ಮತ್ತೊಂದು ಕಡೆ ೬೦೦೦. ಎರಡೂ ಭಕ್ತಿಯಿಂದ ನಂಬಲ್ಪಟ್ಟ ಸಂಖ್ಯೆಗಳೇ. ಭಕ್ತಿಯು ಆಳವಾಗಿರುವ ಮಾತ್ರಕ್ಕೆ ಸಂಖ್ಯೆಯು ಸರಿಯಾಗುವುದಿಲ್ಲ ಎಂಬುದು ಇದರಿಂದಲೇ ವಿದಿತವಾಗುತ್ತದೆ.

ನೆಲವು ಹೇಳುವ ಲೆಕ್ಕ

ವಿಜ್ಞಾನವು ಗ್ರಂಥವನ್ನು ಬಿಟ್ಟು ನೆಲವನ್ನು ಕೇಳಿತು. ಜೋಳವನ್ನು ಹಗೇವಿನಲ್ಲಿ ತುಂಬಿದ ಒಕ್ಕಲಿಗನಿಗೆ, ಮೊದಲು ಸುರಿದ ಕಾಳು ತಳದಲ್ಲಿರುವುದೆಂದೂ ಕಡೆಗೆ ಸುರಿದದ್ದು ಮೇಲಿರುವುದೆಂದೂ ಯಾರೂ ಹೇಳಿಕೊಡಬೇಕಾಗಿಲ್ಲ. ಭೂಮಿಯ ಪದರಗಳೂ ಹೀಗೆಯೇ. ಅಲುಗಾಡದ ನೆಲದಲ್ಲಿ ಕೆಳಗಿನ ಪದರವು ಹಳೆಯದು, ಮೇಲಿನದು ಹೊಸದು. ಯಾವುದು ಮೊದಲು, ಯಾವುದು ನಂತರ ಎಂಬುದು ಇದರಿಂದ ತಿಳಿಯುತ್ತದೆ. ಎಷ್ಟು ವರ್ಷ ಎಂಬುದಕ್ಕೆ ಮತ್ತೊಂದು ಅಳತೆಗೋಲು ಬೇಕು.

ಆ ಅಳತೆಗೋಲು ದೊರೆತದ್ದು ವಿಕಿರಣದ ಶೋಧದಿಂದ. ೧೮೯೬ರಲ್ಲಿ ಫ್ರಾನ್ಸಿನ ಬೆಕೆರೆಲ್ ಇದನ್ನು ಕಂಡನು. ಕೆಲವು ಧಾತುಗಳು ತಾವಾಗಿಯೇ, ಒಂದು ನಿಯತವಾದ ವೇಗದಲ್ಲಿ, ಕ್ಷಯಿಸುತ್ತಾ ಬೇರೆ ಧಾತುಗಳಾಗುತ್ತವೆ. ಉಳಿದದ್ದೆಷ್ಟು, ಮಾರ್ಪಟ್ಟದ್ದೆಷ್ಟು ಎಂದು ಅಳೆದರೆ ಕಳೆದ ಕಾಲವು ತಿಳಿಯುತ್ತದೆ. ಗಿಡ, ಪ್ರಾಣಿ, ಮನುಷ್ಯ ಎಲ್ಲರ ದೇಹದಲ್ಲಿಯೂ ಇಂಗಾಲದ ಅಂಶವಿದೆ. ಅದರಲ್ಲಿ ಅತ್ಯಲ್ಪವಾದ ಒಂದು ಭಾಗವು ವಿಕಿರಣವುಳ್ಳದ್ದು. ಜೀವವಿರುವವರೆಗೆ ಅದು ತುಂಬಿಕೊಳ್ಳುತ್ತಲೇ ಇರುತ್ತದೆ. ಜೀವ ಹೋದೊಡನೆ ಕರಗತೊಡಗುತ್ತದೆ. ೫೭೩೦ ವರ್ಷಗಳಿಗೆ ಅದು ಅರ್ಧವಾಗುತ್ತದೆ. ಇನ್ನೂ ಅಷ್ಟೇ ವರ್ಷಗಳಿಗೆ ಉಳಿದುದರಲ್ಲಿ ಅರ್ಧ. ಅಮೆರಿಕದ ವಿಲರ್ಡ್ ಲಿಬ್ಬಿ ಈ ವಿಧಾನವನ್ನು ರೂಪಿಸಿ ೧೯೬೦ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಸುಮಾರು ೫೦,೦೦೦ ವರ್ಷಗಳಾಚೆಗೆ ಈ ಅಳತೆಯು ಸಾಗುವುದಿಲ್ಲ. ಅಳೆಯಲು ತಕ್ಕಷ್ಟು ಅಂಶವು ಆಗ ಉಳಿದಿರುವುದಿಲ್ಲ. ಅದಕ್ಕಿಂತ ಹಳೆಯ ಕಾಲಕ್ಕೆ ಜ್ವಾಲಾಮುಖಿಯ ಬೂದಿಯಲ್ಲಿರುವ ಬೇರೆ ಧಾತುಗಳನ್ನು ಅಳೆಯುತ್ತಾರೆ. ಇದೇ ಜಾತಿಯ ಅಳತೆಯಿಂದ ಕ್ಲೇರ್ ಪ್ಯಾಟರ್ಸನ್ ೧೯೫೬ರಲ್ಲಿ ಭೂಮಿಯ ವಯಸ್ಸು ಸುಮಾರು ೪೫೫ ಕೋಟಿ ವರ್ಷಗಳೆಂದು ಸಾಧಿಸಿದನು. ಇಂದು ಒಪ್ಪಿರುವ ಸಂಖ್ಯೆಯೂ ಅದರ ಸಮೀಪದ್ದೇ: ಸುಮಾರು ೪೫೪ ಕೋಟಿ.

ಬ್ರಹ್ಮನ ಹಗಲು ೪೩೨ ಕೋಟಿ ವರ್ಷ, ಭೂಮಿಯ ವಯಸ್ಸು ೪೫೪ ಕೋಟಿ ವರ್ಷ; ಇವೆರಡೂ ಹತ್ತಿರವಿರುವುದನ್ನು ಕಂಡು ಕೆಲವರು ಹಿಗ್ಗುವುದುಂಟು. ಇಲ್ಲಿ ಎಚ್ಚರಿಕೆ ಬೇಕು. ಪುರಾಣದ ಲೆಕ್ಕದಂತೆಯೇ ಈ ಕಲ್ಪದಲ್ಲಿ ಇನ್ನೂ ಅರ್ಧ ಕೂಡ ಕಳೆದಿಲ್ಲ. ಒಂದು ಸಂಖ್ಯೆಯು ಆಕಸ್ಮಿಕವಾಗಿ ಕೂಡಿಬಂದಿತೆಂದು ಸಂತೋಷಪಟ್ಟರೆ, ೧೨ ಕೋಟಿ ವರ್ಷಗಳ ಮಾನವನೆಂಬ ಮತ್ತೊಂದು ಸಂಖ್ಯೆಯು ಕೂಡಿಬಾರದಿರುವುದಕ್ಕೆ ದುಃಖಪಡಬೇಕಾಗುತ್ತದೆ. ೧೨ ಕೋಟಿ ವರ್ಷಗಳ ಹಿಂದಿನ ಪದರಗಳಲ್ಲಿ ದೈತ್ಯ ಉರಗಗಳಾದ ಡೈನೋಸಾರ್‌ಗಳ ಎಲುಬುಗಳಿವೆ, ಮನುಷ್ಯನ ಎಲುಬಿಲ್ಲ.

ಮಾನವನ ಕುರುಹುಗಳು

ಇಂದಿನ ಮಾನವಜಾತಿಗೆ ಸೇರಿದ ಅತಿ ಪ್ರಾಚೀನ ಎಲುಬುಗಳು ದೊರೆತಿರುವುದು ಆಫ್ರಿಕ ಖಂಡದಲ್ಲಿ. ಮೊರಾಕೊ ದೇಶದ ಜೆಬೆಲ್ ಇರ್ಹೂದ್ ಎಂಬಲ್ಲಿ ೧೯೬೧ರಲ್ಲಿ ಗಣಿಯ ಕೆಲಸಗಾರರಿಗೆ ಒಂದು ತಲೆಬುರುಡೆ ಸಿಕ್ಕಿತು. ಅದು ೪೦,೦೦೦ ವರ್ಷ ಹಳೆಯದಿರಬಹುದೆಂದು ಆಗ ಊಹಿಸಿದ್ದರು. ಅನಂತರ ಅಲ್ಲಿಯೇ ಮತ್ತೆ ಅಗೆದಾಗ ಇನ್ನಷ್ಟು ಎಲುಬುಗಳೂ, ಬೆಂಕಿಯಲ್ಲಿ ಸುಟ್ಟ ಚಕಮಕಿ ಕಲ್ಲುಗಳೂ ದೊರೆತವು. ಬೆಂಕಿಗೆ ಬಿದ್ದ ಕಲ್ಲು ತನ್ನಲ್ಲಿ ಕೂಡಿದ್ದ ಶಕ್ತಿಯನ್ನು ಕಳೆದುಕೊಂಡು ಬರಿದಾಗುತ್ತದೆ. ಮಣ್ಣಿನಲ್ಲಿ ಹೂತ ಮೇಲೆ ಸುತ್ತಲಿನ ವಿಕಿರಣದಿಂದ ಮತ್ತೆ ಸ್ವಲ್ಪ ಸ್ವಲ್ಪವಾಗಿ ತುಂಬಿಕೊಳ್ಳುತ್ತದೆ. ಎಷ್ಟು ತುಂಬಿದೆ ಎಂದು ಅಳೆದರೆ, ಒಲೆಯು ಆರಿ ಎಷ್ಟು ಕಾಲವಾಯಿತೆಂಬುದು ತಿಳಿಯುತ್ತದೆ. ಹೀಗೆ ಅಳೆದು ಆ ಒಲೆಗಳು ಸುಮಾರು ೩ ಲಕ್ಷ ವರ್ಷಗಳಷ್ಟು ಹಳೆಯವೆಂದು ೨೦೧೭ರಲ್ಲಿ ಪ್ರಕಟಿಸಿದರು. ಇಥಿಯೋಪಿಯದ ಓಮೊ ನದಿಯ ಬಳಿ ೧೯೬೭ರಲ್ಲಿ ಸಿಕ್ಕ ಎಲುಬುಗಳಿಗೆ ಮೊದಲು ೧,೯೫,೦೦೦ ವರ್ಷಗಳೆಂದಿದ್ದರು. ಅವುಗಳ ಮೇಲೆ ಕವಿದಿದ್ದ ಜ್ವಾಲಾಮುಖಿಯ ಬೂದಿಯನ್ನು ಪರೀಕ್ಷಿಸಿ, ಅವು ಕಡಿಮೆಯೆಂದರೂ ೨,೩೦,೦೦೦ ವರ್ಷಗಳಷ್ಟು ಹಳೆಯವೆಂದು ೨೦೨೨ರಲ್ಲಿ ತಿದ್ದಿದರು.

ಹಾಗಾದರೆ ಮೊದಲ ಮಾನವನು ಹುಟ್ಟಿದ ದಿನ ಯಾವುದು? ಅಂಥ ಒಂದು ದಿನವಿಲ್ಲ ಎಂಬುದೇ ವಿಜ್ಞಾನದ ಉತ್ತರ. ಇದು ಕೇಳಲು ವಿಚಿತ್ರವಾದರೂ ಕನ್ನಡಿಗರಿಗೆ ತಿಳಿಯದ ಸಂಗತಿಯಲ್ಲ. ಹಳಗನ್ನಡವು ಯಾವ ದಿನ ನಡುಗನ್ನಡವಾಯಿತು? ಹಳಗನ್ನಡವನ್ನಾಡುವ ತಾಯಿಗೆ ನಡುಗನ್ನಡವನ್ನಾಡುವ ಮಗು ಹುಟ್ಟಿತೆಂದು ಯಾರೂ ಹೇಳಲಾರರು. ತಾಯಿಯ ಮಾತು ಮಗುವಿಗೆ ತಿಳಿಯಿತು, ಮಗುವಿನ ಮಾತು ಮೊಮ್ಮಗುವಿಗೆ ತಿಳಿಯಿತು. ಆದರೂ ಹಲ್ಮಿಡಿ ಶಾಸನದ ಕನ್ನಡವು ಇಂದಿನ ಗೃಹಸ್ಥನಿಗೆ ತಿಳಿಯದು. ಮಾನವದೇಹವೂ ಇದೇ ರೀತಿಯಲ್ಲಿ, ಒಂದು ತಲೆಮಾರಿಗೆ ಕಾಣದಷ್ಟು ನಿಧಾನವಾಗಿ, ಮಾರ್ಪಡುತ್ತ ಬಂದಿದೆ. ಜೆಬೆಲ್ ಇರ್ಹೂದಿನವರ ಮುಖವು ಇಂದಿನವರ ಮುಖದಂತಿದ್ದರೂ ತಲೆಯ ಹಿಂಭಾಗವು ಇನ್ನೂ ನೀಳವಾಗಿತ್ತು. ಆದುದರಿಂದ “ಮಾನವನ ವಯಸ್ಸು ಎಷ್ಟು” ಎಂಬುದಕ್ಕೆ, “ಯಾರನ್ನು ಮಾನವನೆನ್ನುವಿರಿ” ಎಂಬುದು ಮರುಪ್ರಶ್ನೆ. ಇಂದಿನ ಜಾತಿಯವರೇ ಆದರೆ ಸುಮಾರು ೩ ಲಕ್ಷ ವರ್ಷ. ಮಾನವಕುಲಕ್ಕೆ ಸೇರಿದ ಹಳೆಯ ದಾಯಾದಿಗಳನ್ನೂ ಕೂಡಿಸಿದರೆ ಸುಮಾರು ೨೮ ಲಕ್ಷ ವರ್ಷ. ಎರಡು ಕಾಲಿನ ಮೇಲೆ ನೆಟ್ಟಗೆ ನಡೆದವರನ್ನೆಲ್ಲ ಎಣಿಸಿದರೆ ಅದಕ್ಕೂ ಹಿಂದೆ. ೧೯೭೪ರಲ್ಲಿ ಇಥಿಯೋಪಿಯದಲ್ಲಿ ದೊರೆತು ‘ಲೂಸಿ’ ಎಂದು ಹೆಸರಾದ ಹೆಣ್ಣಿನ ಎಲುಬುಗಳಿಗೆ ಸುಮಾರು ೩೨ ಲಕ್ಷ ವರ್ಷ.

ಈ ಹಳೆಯ ದಾಯಾದಿಗಳ ಕೈಗೆಲಸವು ಕನ್ನಡ ನಾಡಿನಲ್ಲಿಯೂ ಉಂಟು. ಯಾದಗಿರಿ ಜಿಲ್ಲೆಯ ಹುಣಸಗಿಯ ಕಣಿವೆಯಲ್ಲಿ ಇಸಾಂಪುರವೆಂಬ ಊರಿದೆ. ಅಲ್ಲಿ ಸುಣ್ಣಕಲ್ಲನ್ನು ಒಡೆದು ಕೈಗೊಡಲಿಗಳನ್ನು ಮಾಡುತ್ತಿದ್ದ ಜಾಗವನ್ನು ಕೆ. ಪದ್ದಯ್ಯನವರು ಅಗೆದು ತೆಗೆದರು. ಅಲ್ಲಿ ದೊರೆತ ಪ್ರಾಣಿಯ ಹಲ್ಲುಗಳನ್ನು ಪರೀಕ್ಷಿಸಿ, ಆ ಜಾಗವು ಸುಮಾರು ೧೨ ಲಕ್ಷ ವರ್ಷಗಳಷ್ಟು ಹಳೆಯದೆಂದು ಲೆಕ್ಕ ಹಾಕಿದ್ದಾರೆ. ಭಾರತದಲ್ಲಿ ಇಂಥ ಶೋಧಕ್ಕೆ ನಾಂದಿಯಾದದ್ದು ೧೮೬೩ರಲ್ಲಿ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟನು ಮದರಾಸಿನ ಬಳಿಯ ಪಲ್ಲಾವರದಲ್ಲಿ ಒಂದು ಕಲ್ಲಿನ ಆಯುಧವನ್ನು ಕಂಡು ಎತ್ತಿಕೊಂಡಾಗ. ಹುಣಸಗಿಯ ಕಣಿವೆಯಲ್ಲಿ ಕಲ್ಲು ಕಡಿದವರು ಇಂದಿನ ಜಾತಿಯ ಮಾನವರಲ್ಲ. ಆದರೂ ಕಲ್ಲನ್ನು ಆರಿಸಿ, ಏಟನ್ನು ಅಂದಾಜು ಮಾಡಿ, ಅಲಗನ್ನು ತಿದ್ದುವ ಕೈ ಅವರಿಗಿತ್ತು. ಕೈಗೆಲಸದ ಚರಿತ್ರೆಯು ಮಾನವನ ಚರಿತ್ರೆಗಿಂತಲೂ ಹಳೆಯದೆಂಬ ಮಾತು ಕಾಯಕವನ್ನು ನಂಬಿದವರಿಗೆ ಮನನ ಮಾಡತಕ್ಕುದು.

ತಿದ್ದಿಕೊಳ್ಳುವ ಶಾಸ್ತ್ರ

“ಇಂದೊಂದು ಹೇಳಿ ನಾಳೆ ಮತ್ತೊಂದು ಹೇಳುವ ವಿಜ್ಞಾನವನ್ನು ನಂಬುವುದು ಹೇಗೆ?” ಎಂದು ಕೆಲವು ಭಕ್ತರು ಆಕ್ಷೇಪಿಸುವುದುಂಟು. ೪೦,೦೦೦ವು ೩ ಲಕ್ಷವಾದುದನ್ನು ಮೇಲೆ ಕಂಡದ್ದೇ ಆಯಿತು. ಇದಕ್ಕಿಂತ ದೊಡ್ಡ ತಪ್ಪುಗಳೂ ನಡೆದಿವೆ. ಇಂಗ್ಲೆಂಡಿನ ಪಿಲ್ಟ್‌ಡೌನ್ ಎಂಬಲ್ಲಿ ದೊರೆತ ತಲೆಬುರುಡೆಯೆಂದು ೧೯೧೨ರಲ್ಲಿ ಸಾರಿದ್ದು, ಮನುಷ್ಯನ ಬುರುಡೆಗೆ ವಾನರನ ದವಡೆಯನ್ನು ಜೋಡಿಸಿದ ಮೋಸವೆಂದು ೧೯೫೩ರಲ್ಲಿ ಬಯಲಾಯಿತು. ನಲವತ್ತು ವರ್ಷ ಪಂಡಿತರು ಮೋಸಹೋದದ್ದು ನಿಜ. ಆದರೆ ಆ ಮೋಸವನ್ನು ಬಯಲಿಗೆಳೆದವರೂ ವಿಜ್ಞಾನಿಗಳೇ ಎಂಬುದನ್ನು ಮರೆಯಲಾಗದು. ತಾನು ಹೇಳಿದ್ದನ್ನು ಮತ್ತೆ ಒರೆಗೆ ಹಚ್ಚುವುದು ಆ ಶಾಸ್ತ್ರದ ನಿಯಮ.

ಒರೆಗೆ ಹಚ್ಚುವ ಈ ಕ್ರಮಕ್ಕೆ ಶರಣಮಾರ್ಗದಲ್ಲಿ ಎರವಿಲ್ಲ. ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದಾಗ ಪ್ರಭುದೇವರು ಅವಳನ್ನು ಒಡನೆಯೇ ಹೊಗಳಿ ಕುಳ್ಳಿರಿಸಲಿಲ್ಲ. ಕಠಿಣವಾದ ಪ್ರಶ್ನೆಗಳನ್ನು ಕೇಳಿ ಪರೀಕ್ಷಿಸಿದರೆಂದು ಶೂನ್ಯಸಂಪಾದನೆಯು ವಿಸ್ತಾರವಾಗಿ ಹೇಳುತ್ತದೆ. ಪ್ರಶ್ನೆಯಿಂದ ಅಕ್ಕನ ಭಕ್ತಿಯು ಕಡಿಮೆಯಾಗಲಿಲ್ಲ, ಬೆಳಗಿತು. ಪ್ರಶ್ನೆಗೆ ಹೆದರುವ ಭಕ್ತಿಯು ಶರಣರ ಭಕ್ತಿಯಲ್ಲ. ಮೊಮ್ಮಗನ ಪ್ರಶ್ನೆಗೆ ಗದರುವ ಅಜ್ಜನು ಇದನ್ನು ನೆನೆಯಬೇಕು.

ಶರಣರು ಯುಗಗಳನ್ನು ಕಂಡ ಬಗೆ

ಶರಣರಿಗೆ ಯುಗಗಳ ಹೆಸರು ತಿಳಿಯದೆ ಇರಲಿಲ್ಲ. ಅವರ ವಚನಗಳಲ್ಲಿ ಆ ಹೆಸರುಗಳು ಬರುತ್ತವೆ. ಆದರೆ ಬರುವ ಬಗೆಯನ್ನು ಗಮನಿಸಬೇಕು. ಅಲ್ಲಮಪ್ರಭುದೇವರ ಪ್ರಸಿದ್ಧವಾದ ಒಂದು ವಚನದಲ್ಲಿ ನಾಲ್ಕು ಯುಗಗಳೂ ಕ್ರಮವಾಗಿ ಬರುತ್ತವೆ. ಅಲ್ಲಿ ಒಂದು ವರ್ಷದ ಲೆಕ್ಕವೂ ಇಲ್ಲ. ಗುರುವು ಶಿಷ್ಯನಿಗೆ ಬುದ್ಧಿ ಕಲಿಸುವ ರೀತಿಯು ಯುಗದಿಂದ ಯುಗಕ್ಕೆ ಹೇಗೆ ಸಡಿಲವಾಗುತ್ತ ಬಂದಿತೆಂಬುದೇ ಅಲ್ಲಿಯ ವಿಷಯ. ಹಿಂದೆ ದಂಡಿಸಿ ಕಲಿಸಬಲ್ಲವನಾಗಿದ್ದ ಗುರುವು ಕಡೆಗೆ ಶಿಷ್ಯನಿಗೇ ಕೈಮುಗಿದು ಕಲಿಸಬೇಕಾದ ಕಾಲ ಬಂದಿತಲ್ಲ ಎಂದು ಪ್ರಭುದೇವರು ಬೆರಗಾಗುತ್ತಾರೆ. ಯುಗವೆಂಬುದು ಇಲ್ಲಿ ಪಂಚಾಂಗದ ಅಳತೆಯಲ್ಲ; ಮನುಷ್ಯನ ನಡತೆಯ ಅಳತೆ. ಕಲಿಯುಗವು ಎಂದು ಮುಗಿಯುವುದೆಂದು ಆ ವಚನವನ್ನು ಓದಿದವನು ಕೇಳಲಾರನು. ತನ್ನ ನಡತೆಯಲ್ಲಿ ಕಲಿಯು ಎಷ್ಟಿದೆಯೆಂದು ಕೇಳಿಕೊಳ್ಳುವನು.

ಬಸವಣ್ಣನವರ ನಿಲುವೂ ಇದೇ ದಿಕ್ಕಿನದು. ದೇವಲೋಕ ಮರ್ತ್ಯಲೋಕಗಳನ್ನು ಅವರು ದೂರದ ಎರಡು ನೆಲೆಗಳಾಗಿ ಕಾಣಲಿಲ್ಲ. ಸತ್ಯವನ್ನಾಡುವುದರಲ್ಲಿ, ಆಚಾರದಲ್ಲಿ ಕಂಡರು. ದೇಶದ ವಿಷಯದಲ್ಲಿ ಹೀಗೆ ಕಂಡವರು ಕಾಲದ ವಿಷಯದಲ್ಲಿ ಬೇರೆ ರೀತಿ ಕಂಡಾರೆ? ಸತ್ಯವುಳ್ಳ ಕಡೆ ಕೃತಯುಗ, ಮಿಥ್ಯವುಳ್ಳ ಕಡೆ ಕಲಿಯುಗ ಎಂಬುದು ಅವರ ಬೋಧೆಯಿಂದ ಸಹಜವಾಗಿ ಹೊರಡುವ ಅರ್ಥ.

ಆಚಾರ್ಯರು ಯುಗಯುಗಗಳಲ್ಲಿ ಬೇರೆ ಬೇರೆ ನಾಮಗಳಿಂದ ಅವತರಿಸಿದರೆಂಬ ಗುರುಪರಂಪರೆಯ ಮಾತನ್ನೂ ಭಕ್ತರು ಕೇಳಿರುತ್ತಾರೆ. ಗುರುತತ್ತ್ವವಿಲ್ಲದ ಕಾಲವೇ ಇಲ್ಲವೆಂಬ ನಂಬಿಕೆಯು ಆ ಮಾತಿನ ಜೀವಾಳ. ಅದನ್ನು ಭಕ್ತಿಯ ವಾಣಿಯಾಗಿ ಕೇಳಿದರೆ ಮನಸ್ಸಿಗೆ ಬಲ. ಅದನ್ನೇ ವರ್ಷಗಳ ದಾಖಲೆಯನ್ನಾಗಿ ಮಾಡಿ, “ನಮ್ಮ ಮತವು ನಿಮ್ಮ ಮತಕ್ಕಿಂತ ಇಷ್ಟು ಲಕ್ಷ ವರ್ಷ ಹಿರಿಯದು” ಎಂದು ಜಗಳಕ್ಕೆ ನಿಂತರೆ, ವಾಣಿಯೂ ಕೆಡುತ್ತದೆ, ದಾಖಲೆಯೂ ದೊರೆಯುವುದಿಲ್ಲ. ವಯಸ್ಸಿನಿಂದ ಹಿರಿತನವು ಬರುವುದಾದರೆ ಚೆನ್ನಬಸವಣ್ಣನವರಿಗೆ ಅನುಭವ ಮಂಟಪದಲ್ಲಿ ಸ್ಥಾನವೆಲ್ಲಿತ್ತು? ಬಸವಣ್ಣನವರ ಸೋದರಳಿಯನಾದ ಆತನು ವಯಸ್ಸಿನಲ್ಲಿ ಕಿರಿಯ. ಆದರೂ ಷಟ್‌ಸ್ಥಲಜ್ಞಾನದಲ್ಲಿ ಆತನನ್ನು ಹಿರಿಯರೆಲ್ಲ ಹಿರಿಯನೆಂದು ಒಪ್ಪಿದರು. ಅರಿವಿಗೆ ಹಿರಿತನವಲ್ಲದೆ ವರ್ಷಕ್ಕೆ ಹಿರಿತನವಿಲ್ಲ. ಒಬ್ಬ ಶರಣನಿಗೆ ಅನ್ವಯಿಸುವ ಈ ಮಾತು ಒಂದು ಮತಕ್ಕೂ ಅನ್ವಯಿಸುತ್ತದೆ.

ಒಂದೇ ಮನೆಯ ಮಕ್ಕಳು

ವಿಜ್ಞಾನದ ಲೆಕ್ಕದಿಂದ ಭಕ್ತನಿಗೆ ನಷ್ಟವಿಲ್ಲವೆಂದು ಹೇಳಿದರೆ ಅರ್ಧ ಹೇಳಿದಂತಾಯಿತು. ಅದರಿಂದ ಒಂದು ಲಾಭವೂ ಉಂಟು. ಆ ಲಾಭವನ್ನು ಪಡೆಯುವುದು ಸುಲಭವಲ್ಲ.

೧೯೮೭ರಲ್ಲಿ ಅಮೆರಿಕದ ಮೂವರು ವಿಜ್ಞಾನಿಗಳು, ತಾಯಿಯಿಂದಲೇ ಮಕ್ಕಳಿಗೆ ಬರುವ ಒಂದು ಅನುವಂಶಿಕ ಅಂಶವನ್ನು ಬೇರೆ ಬೇರೆ ಖಂಡಗಳ ಜನರಲ್ಲಿ ಹೋಲಿಸಿ ನೋಡಿದರು. ಆ ಎಳೆಗಳೆಲ್ಲವೂ ಹಿಂದೆ ಹೋಗಿ, ಸುಮಾರು ೨ ಲಕ್ಷ ವರ್ಷಗಳ ಹಿಂದೆ ಆಫ್ರಿಕದಲ್ಲಿದ್ದ ಒಬ್ಬ ತಾಯಿಯಲ್ಲಿ ಕೂಡುತ್ತವೆಂದು ಅವರು ತೋರಿಸಿದರು. ಆಗ ಬೇರೆ ಹೆಂಗಸರು ಇರಲಿಲ್ಲವೆಂದು ಇದರ ಅರ್ಥವಲ್ಲ. ಬೇರೆಯವರಿದ್ದರು, ಆದರೆ ಅವರ ತಾಯಿಯ ಎಳೆಯು ನಡುವೆ ಕಡಿದುಹೋಯಿತು, ಇವಳದೊಂದು ಉಳಿಯಿತು. ಮುಂದೆ ನಡೆದ ಶೋಧಗಳಿಂದ, ಯಾವ ಇಬ್ಬರು ಮನುಷ್ಯರನ್ನು ತೆಗೆದುಕೊಂಡರೂ ಅವರ ಅನುವಂಶಿಕ ಬರವಣಿಗೆಯಲ್ಲಿ ಸಾವಿರಕ್ಕೆ ೯೯೯ರಷ್ಟು ಒಂದೇ ಆಗಿರುವುದೆಂದು ತಿಳಿದಿದೆ. ಆಫ್ರಿಕದಿಂದ ಹೊರಟು ನಾನಾ ದೇಶಗಳಿಗೆ ಹರಡಿದ ಈ ಜನರು, ದಾರಿಯಲ್ಲಿ ನಿಯಾಂಡರ್ತಲ್ ಎಂಬ ಹಳೆಯ ದಾಯಾದಿಗಳೊಡನೆಯೂ ರಕ್ತಸಂಬಂಧವನ್ನು ಬೆಳೆಸಿದರೆಂದು ೨೦೧೦ರಲ್ಲಿ ಗೊತ್ತಾಯಿತು. ಬೆರಕೆಯಿಲ್ಲದ ಕುಲವೆಂಬುದು ಭೂಮಿಯ ಮೇಲೆ ಎಲ್ಲಿಯೂ ಇಲ್ಲ.

ಶರಣರು ಈ ಶಾಸ್ತ್ರವನ್ನು ಮೊದಲೇ ಬಲ್ಲವರಾಗಿದ್ದರೆಂದು ಸಾರುವುದು ಸಲ್ಲದು. ಅವರ ಬಳಿ ಸೂಕ್ಷ್ಮದರ್ಶಕವಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಎಲ್ಲರೂ ತಾಯಿಯ ಗರ್ಭದಿಂದಲೇ ಹುಟ್ಟುವರು, ಕಿವಿಯಿಂದ ಹುಟ್ಟಿದವರು ಯಾರೂ ಇಲ್ಲ ಎಂಬ ಎಲ್ಲರ ಕಣ್ಣಿಗೆ ಕಾಣುವ ಸಂಗತಿಯನ್ನೇ ಬಸವಣ್ಣನವರು ಎತ್ತಿ ಹೇಳಿದರು. ಕಂಡದ್ದನ್ನು ಒಪ್ಪುವ ಧೈರ್ಯವು ಅವರಲ್ಲಿತ್ತು. ಬ್ರಾಹ್ಮಣನಾಗಿ ಹುಟ್ಟಿ ಶರಣನಾದ ಮಧುವರಸನ ಮಗಳನ್ನು, ಚಮ್ಮಾರರಲ್ಲಿ ಹುಟ್ಟಿ ಶರಣನಾದ ಹರಳಯ್ಯನ ಮಗನಿಗೆ ಕೊಟ್ಟು ಮದುವೆ ಮಾಡಿದರೆಂದೂ, ಅದಕ್ಕಾಗಿ ತಂದೆಯರಿಬ್ಬರೂ ಪ್ರಾಣವನ್ನೇ ತೆತ್ತರೆಂದೂ ಪರಂಪರೆಯು ಹೇಳುತ್ತದೆ. ೧೨ನೆಯ ಶತಮಾನದ ಕಲ್ಯಾಣದಲ್ಲಿ ಆ ಮಾತಿಗೆ ಕೊಟ್ಟ ಬೆಲೆ ಅದು.

ಇಂದಿನ ಗೃಹಸ್ಥನು ಮಾನವಕುಲದ ೩ ಲಕ್ಷ ವರ್ಷಗಳನ್ನು ಒಪ್ಪುವುದು ಸುಲಭ. ಅದಕ್ಕೆ ಅವನೇನೂ ತೆರಬೇಕಾಗಿಲ್ಲ. ಒಪ್ಪಿದ ಮೇಲೆ ಅದರಿಂದ ಹೊರಡುವ ಅರ್ಥವನ್ನು ಒಪ್ಪುವುದು ಕಷ್ಟ. ಕೊರಳಲ್ಲಿ ಒಂದೇ ಲಿಂಗವನ್ನು ಧರಿಸಿದವರೇ ಹೆಣ್ಣು ಕೊಡುವಾಗ, ತರುವಾಗ, ಒಳಪಂಗಡ ಯಾವುದೆಂದು ವಿಚಾರಿಸುವರು. ಆಳಿನ ಲೋಟವನ್ನು ಬೇರೆಯಾಗಿಡುವ ಮನೆಗಳು ಇಲ್ಲದೆ ಹೋಗಿಲ್ಲ. ಇಂಥ ಮನೆಯ ಹಿರಿಯನು ಯುಗಗಳ ಲೆಕ್ಕವನ್ನು ಸರಿಯಾಗಿ ಹೇಳಿದರೇನು, ವಿಜ್ಞಾನದ ಲೆಕ್ಕವನ್ನು ಸರಿಯಾಗಿ ಹೇಳಿದರೇನು? ಎರಡೂ ಅವನಿಗೆ ಬರಿಯ ಸಂಖ್ಯೆಗಳು. ಹುಡುಗನು ಇದನ್ನೂ ನೋಡುತ್ತಿರುತ್ತಾನೆ. ಅಜ್ಜನ ಧರ್ಮವು ಸುಳ್ಳೋ ನಿಜವೋ ಎಂದು ಅವನು ನಿರ್ಣಯಿಸುವುದು ಕೃತಯುಗದ ವರ್ಷಗಳಿಂದಲ್ಲ, ಆ ಲೋಟದಿಂದ.

ಆಯುಷ್ಯದ ಅಳತೆ

ಮಾನವಕುಲದ ೩ ಲಕ್ಷ ವರ್ಷಗಳನ್ನು ಒಂದು ಹಗಲು ಒಂದು ರಾತ್ರಿಯ ೨೪ ಗಂಟೆಗಳಿಗೆ ಇಳಿಸಿ ನೋಡಬಹುದು. ಆಗ ಒಂದು ಗಂಟೆಗೆ ೧೨,೫೦೦ ವರ್ಷಗಳಾಗುತ್ತವೆ. ಮನುಷ್ಯನು ಬಿತ್ತಿ ಬೆಳೆಯಲು ಕಲಿತದ್ದು ಕಡೆಯ ಒಂದು ಗಂಟೆಯೊಳಗೆ. ಅಕ್ಷರಗಳನ್ನು ಬರೆಯತೊಡಗಿದ್ದು ಕಡೆಯ ಅರ್ಧ ಗಂಟೆಯೊಳಗೆ. ಶರಣರು ಕಲ್ಯಾಣದಲ್ಲಿ ಸೇರಿದ್ದು ಕೊನೆಯ ನಾಲ್ಕು ನಿಮಿಷಗಳ ಸುಮಾರಿಗೆ. ೮೦ ವರ್ಷ ಬಾಳಿದ ಗೃಹಸ್ಥನ ಆಯುಷ್ಯವೆಲ್ಲ ಕೂಡಿ ೨೩ ಸೆಕೆಂಡುಗಳು.

ಈ ಲೆಕ್ಕವನ್ನು ಕಂಡು ಮನುಷ್ಯನು ತಾನು ಏನೂ ಅಲ್ಲವೆಂದು ನಿರಾಶನಾಗಬೇಕಾಗಿಲ್ಲ. ಬಾಳು ಕ್ಷಣಿಕವೆಂಬುದನ್ನು ಶರಣರು ಮರೆಯಲಿಲ್ಲ. ದೇಹವು ಮುಪ್ಪಿಗೆ ಸಂದು ಶಕ್ತಿಯುಡುಗುವುದಕ್ಕೆ ಮೊದಲೇ ಪೂಜೆ ಮಾಡಿಕೊಳ್ಳಬೇಕೆಂದು ಬಸವಣ್ಣನವರು ಎಚ್ಚರಿಸಿದ್ದು ಅದಕ್ಕಾಗಿಯೇ. ಕ್ಷಣಿಕವೆಂದು ಅವರು ಕಾಡಿಗೆ ಹೋಗಲಿಲ್ಲ, ಕಾಯಕಕ್ಕೆ ಕುಳಿತರು. ಆ ೨೩ ಸೆಕೆಂಡುಗಳಲ್ಲಿ ದುಡಿದು ಉಣ್ಣುವುದು, ಉಂಡು ಮಿಕ್ಕದ್ದನ್ನು ದಾಸೋಹಕ್ಕೆ ಸಲ್ಲಿಸುವುದು, ದಿನಕ್ಕೊಮ್ಮೆಯಾದರೂ ಕರಸ್ಥಲದ ಲಿಂಗವನ್ನು ದೃಷ್ಟಿಯಿಟ್ಟು ನೋಡಿ ತನ್ನನ್ನು ತಾನು ತಿಳಿಯುವುದು, ಇಷ್ಟು ಸಾಧ್ಯವಾದರೆ ಆ ಬಾಳಿಗೆ ಕೊರತೆಯಿಲ್ಲ. ಮಾನವಕುಲವು ಎಷ್ಟು ಕಾಲ ಬಾಳಿತೆಂಬುದನ್ನು ಅಳೆಯುವ ಗೋಲು ವಿಜ್ಞಾನಿಯ ಕೈಯಲ್ಲಿದೆ. ಮಾನವನಾಗಿ ಬಾಳಿದೆನೇ ಎಂಬುದನ್ನು ಅಳೆಯುವ ಗೋಲು ಪ್ರತಿಯೊಬ್ಬನ ಅಂಗೈಯಲ್ಲಿದೆ.

ಹೀಗಿರುವಲ್ಲಿ ಪಡಸಾಲೆಯ ಅಜ್ಜನು ಮೊಮ್ಮಗನಿಗೆ ಏನೆಂದು ಉತ್ತರಿಸಬೇಕು? “ಮಾಸ್ತರರು ಹೇಳಿದ ಲೆಕ್ಕ ಸರಿ, ತಮ್ಮಾ. ಹಿಂದಿನವರಿಗೆ ಆಗ ಕಂಡ ಲೆಕ್ಕ ಅದು, ಈಗ ಕಂಡ ಲೆಕ್ಕ ಇದು. ಯುಗದ ಕಥೆಯಲ್ಲಿ ನಡತೆಯ ಮಾತಿದೆ, ಅದನ್ನು ಮಾತ್ರ ಬಿಡಬೇಡ” ಎಂದರೆ ಸಾಕು. ಆಮೇಲೆ ಅವನ ಪುಸ್ತಕವನ್ನು ತರಿಸಿ ಜೊತೆಗೆ ಕುಳಿತು ಓದಿಸಿ ಕೇಳಬೇಕು. ಅವಕಾಶವಾದಾಗ ಕೂಡಲಸಂಗಮಕ್ಕೆ ಹೋದವರು ಐಹೊಳೆಗೂ ಹೋಗಿ ರವಿಕೀರ್ತಿಯ ಶಾಸನವನ್ನು ತೋರಿಸಿ, ಹುಣಸಗಿಯ ಕಲ್ಲುಗಳ ಸಂಗತಿಯನ್ನೂ ಹೇಳಬೇಕು. ಮನೆಗೆ ಮರಳಿದ ಮೇಲೆ, ಬೇರೆಯಾಗಿಟ್ಟ ಲೋಟವೊಂದು ಇದ್ದರೆ, ಆ ಹುಡುಗನು ನೋಡುತ್ತಿರುವಾಗಲೇ ಅದನ್ನು ತೆಗೆದು ಉಳಿದವುಗಳ ಸಾಲಿನಲ್ಲಿ ಇಡಬೇಕು.